ಬೆಳ್ಳಿಚಿಕ್ಕಿಯ ಮುಂದೆ ಕೈಕಟ್ಟಿ ನಿಂತ ಅಕ್ಕೋರು

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಕೆಲಸಕ್ಕೆ ಸೇರಿದವಳು ನಾನು; ಹನ್ನೊಂದು ವರ್ಷದಿಂದ ಮಕ್ಕಳಿಗೆ ಒಂಬತ್ತು ಗ್ರಹ ಕಲಿಸುತ್ತಿದ್ದೇನೆ. ಬುಧನಿಂದ ಪ್ಲೂಟೋವರೆಗೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅದರಲ್ಲಿ ಒಂದನ್ನೂ ಕಣ್ಣಾರೆ ಗುರುತಿಸಿಲ್ಲ ಎಂಬುದು ಹೋದ ವಾರ ಗೊತ್ತಾಯಿತು. (ಭೂಮಿ ಬಿಟ್ಟು. ಅದನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಸೀಟು ಸಿಕ್ಕರೆ.)

ತಿಕೋಟಾದ ನಮ್ಮ ಶಾಲೆ. ಏಳನೇ ಕ್ಲಾಸು. ಬೋರ್ಡಿನ ಮೇಲೆ ಕುಂಬಳಕಾಯಿಯಂಥ ಸೂರ್ಯ, ಸುತ್ತ ಒಂಬತ್ತು ಗೆರೆ. ಕುರಿ ಕಾಯುವ ಬೀರಪ್ಪನ ಮಗಳು ಮಾಳವ್ವ ಎದ್ದು ನಿಂತಳು.

"ಅಕ್ಕೋರ, ಶುಕ್ರ ಅಂದ್ರ ಬೆಳ್ಳಿಚಿಕ್ಕಿ ಏನ್ರಿ? ನಮ್ಮಪ್ಪ ದಿನಾ ತೋರಸ್ತಾನ್ರಿ."

"ಅದು ನಕ್ಷತ್ರ. ಗ್ರಹ ನೋಡಾಕ ದುರ್ಬೀನು ಬೇಕು. ನಿಮ್ಮಪ್ಪಗ ಏನ್ ಗೊತ್ತು? ಕೂಡು."

ಕ್ಲಾಸು ನಕ್ಕಿತು. ನಾನೂ ನಕ್ಕೆ.

ಸಂಜೆ ವಿಜಾಪುರದ ಮನೆಯಲ್ಲಿ ಯಾಕೋ ಪುಸ್ತಕ ತೆಗೆದೆ. ಚಿತ್ರದ ಕೆಳಗೆ ಸಣ್ಣ ಅಕ್ಷರ: ಶುಕ್ರ ಬರಿಗಣ್ಣಿಗೇ ಕಾಣುತ್ತದೆ, ಜನ ಅದನ್ನು ಬೆಳ್ಳಿ ಎನ್ನುತ್ತಾರೆ. ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ, ಹೇಳಿ?

ಮರುದಿನ ಮಾಳವ್ವನ ಜಾಗ ಖಾಲಿ. ಮೂರನೇ ದಿನವೂ ಖಾಲಿ. "ಅಪ್ಪನ ಜೋಡಿ ಕುರಿ ಹಿಂದ ಹೋಗ್ಯಾಳ್ರಿ" ಎಂದಳು ಪಕ್ಕದ ಹುಡುಗಿ.

ಆ ಸಂಜೆ ವಿಜಾಪುರದ ಬಸ್ಸು ಹತ್ತಲಿಲ್ಲ. ಹೊನವಾಡ ರಸ್ತೆಯಲ್ಲಿ ಅವರು ಕುರಿ ನಿಲ್ಲಿಸಿದ್ದ ಹೊಲಕ್ಕೆ ನಡೆದೆ. (ಅವತ್ತು ಶುಕ್ರವಾರವೇ ಆಗಬೇಕೆ?)

ಬೀರಪ್ಪ ಕಂಬಳಿ ಹಾಸಿದ. "ಕೂಡ್ರಿ ಅಕ್ಕೋರ." ಮಾಳವ್ವ ಅವನ ಬೆನ್ನ ಹಿಂದೆ ಅಡಗಿದಳು.

"ಸಾಲಿ ಒಲ್ಲೆ ಅಂತಾಳ್ರಿ. ಅಪ್ಪ ಸುಳ್ಳೋ ಅಕ್ಕೋರು ಸುಳ್ಳೋ ಅಂತ ಅಳಾಕತ್ತಾಳ. ನಾ ಅಂದೆ, ಅಕ್ಕೋರು ಓದಿದವರವ್ವಾ, ನಂದ ಸುಳ್ಳ ಇರಬೇಕು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಇಲ್ಲ ಬೀರಪ್ಪ, ತಪ್ಪು ನಂದು. ಮಾಳವ್ವಾ, ನಿಮ್ಮಪ್ಪ ಹೇಳಿದ್ದು ಖರೆ. ಪುಸ್ತಕದಾಗೂ ಹಂಗ ಐತಿ. ನಾನ ಓದಿರಲಿಲ್ಲ."

ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಇಷ್ಟು ಕಷ್ಟದ ಪಾಠ ಮಾಡಿಲ್ಲ.

ಬೆನ್ನ ಹಿಂದಿನಿಂದ ಮೊದಲು ಒಂದು ಕಣ್ಣು ಬಂತು. ಆಮೇಲೆ ಇಡೀ ಹುಡುಗಿ. "ತೋರಸ್ಲೇನ್ರಿ?" ನನ್ನ ಕೈ ಹಿಡಿದು ಪಡುವಣಕ್ಕೆ ತಿರುಗಿಸಿದಳು.

ಅಬ್ಬಾ! ಸೂರ್ಯ ಮುಳುಗಿದ ಕಡೆ ಹೊಳೆಯುತ್ತ ನಿಂತಿತ್ತು. ದಿನಾ ಇದೇ ಹೊತ್ತಿಗೆ ನಾನು ಅದಕ್ಕೆ ಬೆನ್ನು ಹಾಕಿ ವಿಜಾಪುರದ ಬಸ್ಸಿನಲ್ಲಿರುತ್ತೇನೆ.

ಆದರೂ ಮೇಡಂ ಅಲ್ಲವೆ? ಕಳೆದ ಮರ್ಯಾದೆ ಸ್ವಲ್ಪವಾದರೂ ವಾಪಸ್ ಬೇಕಲ್ಲ? "ನಸುಕಿನ್ಯಾಗ ಮೂಡೂದೂ ಇದ ಬೀರಪ್ಪ. ಕೆಲವು ತಿಂಗಳು ಸಂಜಿಗೆ, ಕೆಲವು ತಿಂಗಳು ನಸುಕಿಗೆ," ಎಂದೆ, ಅದೇ ಸಣ್ಣ ಅಕ್ಷರದಲ್ಲಿ ಓದಿದ್ದನ್ನು.

ಅವನು ಒಮ್ಮೆ ಪಡುವಣಕ್ಕೆ, ಒಮ್ಮೆ ಮೂಡಣಕ್ಕೆ ತಿರುಗಿ ನೋಡಿದ. "ಎರಡೂ ಒಂದ ಅಂತೀರಿ?"

"ಒಂದ."

"ಅಯ್ಯ ಶಿವನ! ಇಷ್ಟು ವರ್ಷ ಎರಡಂತ ತಿಳದು ಬ್ಯಾರೆ ಬ್ಯಾರೆ ಕೈ ಮುಗದೇನಲ್ರಿ!"

ಮಾಳವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನೂ ನಕ್ಕ. ಆ ನಗುವಿನಲ್ಲಿ ನನ್ನನ್ನೂ ಸೇರಿಸಿಕೊಂಡರು, ಅದು ಅವರ ದೊಡ್ಡತನ.

ಮರುದಿನ ಶನಿವಾರ, ಬೆಳಗಿನ ಶಾಲೆಗೆ ಅವಳು ಎಲ್ಲರಿಗಿಂತ ಮೊದಲು ಬಂದಿದ್ದಳು. ಶುಕ್ರನ ಪಾಠ ಮಾಡಲು ಚಾಕ್‌ಪೀಸ್ ಅವಳ ಕೈಗೆ ಕೊಟ್ಟು ನಾನು ಬೆಂಚಿನಲ್ಲಿ ಕೂತೆ.

ಇನ್ನೇನು ಪರೀಕ್ಷೆ ಬರುತ್ತದೆ. 'ಗ್ರಹಗಳನ್ನು ಹೆಸರಿಸಿ' ಎಂಬ ಪ್ರಶ್ನೆಯೂ ಬರುತ್ತದೆ. ಮನುಷ್ಯ ಚಂದ್ರನ ಮೇಲೆ ನಡೆದು ಬಂದದ್ದೂ ಆಯಿತು. 'ಒಂದನ್ನು ತೋರಿಸಿ' ಎಂದು ಕೇಳುವ ಧೈರ್ಯ ನಮ್ಮಂಥ ಮಾಸ್ತರರಿಗೆ ಯಾವಾಗ ಬರುತ್ತದೆ?