ಹಮೂರ್ ತಲೆಯೂ ಐರ್ಲೆಂಡಿನ ಪ್ರಭುಗಳೂ

ನನ್ನ ತಲೆದಿಂಬಿನ ಮೇಲಿನ ಮೊಳೆಯಲ್ಲಿ ಒಂದು ಸೌಟು ನೇತಾಡುತ್ತಿತ್ತು. ಮಲಗುವ ಕೋಣೆಯಲ್ಲಿ ಸೌಟೇಕೆ ಎಂದು ನೀವು ಕೇಳಬಹುದು. ರಾಜದಂಡವನ್ನು ಅಡುಗೆಮನೆಯಲ್ಲಿ ಬಿಟ್ಟು ಮಲಗುವ ದೊರೆಯನ್ನು ನೀವು ಕಂಡಿದ್ದೀರಾ?

ಅರಬ್ ನಾಡಿನ ಯಾನ್ಬುವಿನಲ್ಲಿ, ದುಡಿಯಲು ಬಂದ ನಾವು ಒಟ್ಟಿಗಿರುವ ಮೆಸ್ಸಿನಲ್ಲಿ, ಶುಕ್ರವಾರದ ಮೀನುಸಾರು ಮಾಡುವವನೂ ಬಡಿಸುವವನೂ ಬಹುಕಾಲದಿಂದ ನಾನೇ. ಜುಮ್ಮಾ ನಮಾಜು ಮುಗಿಸಿ ಹಮೀದ್ ಬರುವುದಕ್ಕೂ ಕುಚ್ಚಲಕ್ಕಿಯ ಗಂಜಿ ಬಸಿಯುವುದಕ್ಕೂ ಸರಿಹೋಗಬೇಕು, ತಟ್ಟೆಗಳು ಸಾಲಾಗಿರಬೇಕು, ಹಮೂರ್ ಮೀನಿನ ತಲೆ ನನಗೆ ಬರಬೇಕು. ಈ ಕೊನೆಯ ನಿಯಮ ಯಾರು ಮಾಡಿದ್ದೆಂದು ಕೇಳಬೇಡಿ. ದೊರೆತನದಲ್ಲಿ ಅಂಥ ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ನಡುವಿನ ತುಂಡುಗಳು ಹಮೀದನಿಗೂ ಶೇಖರನಿಗೂ. ಇಬ್ಬರೂ ಸೂಪರ್‌ವೈಸರುಗಳು, ಕಿಟಕಿಯಿರುವ ಕೋಣೆಯವರು. ಬಾಲ ಉಳಿದವರಿಗೆ.

ಈ ಏರ್ಪಾಡಿನ ವಂಶಾವಳಿ ಹೇಳಿದವನು ಡೆಕ್ಲನ್ ಎಂಬ ಐರಿಶ್ ಇನ್‌ಸ್ಪೆಕ್ಟರ್, ನಮ್ಮ ಶುಕ್ರವಾರದ ಅತಿಥಿ. ಅವನ ನಾಡಿನಲ್ಲೂ ಹೀಗೇ ಇತ್ತಂತೆ. ದೊರೆ ಕಡಲಾಚೆ ಲಂಡನ್ನಿನಲ್ಲಿ, ನೆಲ ಪ್ರಭುಗಳ ಕೈಯಲ್ಲಿ, ಆಲೂಗಡ್ಡೆ ಪ್ರಜೆಗಳ ಪಾಲಿಗೆ. ಪ್ರಭುಗಳು ದೊರೆಯೆದುರು ತಾವೇ ನಾಡು ಎನ್ನುವರು, ಗೇಣಿದಾರರೆದುರು ತಾವೇ ದೊರೆಯ ಕಡೆಯವರು ಎನ್ನುವರು. ಡಬ್ಲಿನ್ನಿನಲ್ಲಿದ್ದ ಅವರದೇ ಪಾರ್ಲಿಮೆಂಟನ್ನು ಮುಚ್ಚಬೇಕೆಂದು ಲಂಡನ್ ಬಯಸಿದಾಗ, ಹಲವರು ಬಿರುದು ಪದವಿಗಳನ್ನು ಪಡೆದು, ತಾವು ಕೂತ ಕುರ್ಚಿಯನ್ನು ಎತ್ತಿಹಾಕಲು ತಾವೇ ಕೈಯೆತ್ತಿದರಂತೆ. ಮುಂದೆ ಗೇಣಿದಾರರಿಗೆ ಓಟೂ ಬಂತು, ನೆಲವೂ ಬಂತು, ದೊರೆಯ ಪಟ ಗೋಡೆಯಿಂದ ಇಳಿಯಿತು. ಈಗ ಎಲ್ಲರೂ ಸುಖವೇ ಎಂದು ಕೇಳಿದೆ. ಈಗ ಬೈಯುವುದಕ್ಕೆ ನಮ್ಮವರೇ ಇದ್ದಾರೆ ಎಂದ.

ಇದೆಲ್ಲ ವೆಲ್ಡರ್ ನವೀನನ ಕಿವಿಗೂ ಬಿದ್ದದ್ದೇ ಅನರ್ಥವಾಯಿತು.

"ಮಾಮ, ಯಾವಾಗಲೂ ನಮಗೆ ಬಾಲವೇ ಎಂತಕ್ಕೆ? ಸೌಟು ಯಾರ ಕೈಯಲ್ಲಿ ಅಂತ ಓಟು ಹಾಕುವ."

"ಸಾರಿಗೆ ಎಂತ ಓಟು ಮಾರಾಯ!" ಎಂದು ನಾನು ನನ್ನ ಪ್ರಭುಗಳತ್ತ ನೋಡಿದೆ.

"ಪ್ರಜೆಗಳು ಕೇಳ್ತಾರಲ್ಲ ಮಾಮ, ಕೊಡುವ," ಎಂದ ಹಮೀದ್. ಶೇಖರ ಗಂಭೀರವಾಗಿ ತಲೆಯಾಡಿಸಿದ. ಮೀನಿನ ತಲೆಯನ್ನು ಸೀಳಿ ಇಬ್ಬರಿಗೂ ಅರ್ಧರ್ಧ ಕೊಡುವುದಾಗಿ ನವೀನ ಮೊದಲೇ ಮಾತುಕೊಟ್ಟಿದ್ದು ನನಗೆ ಆಮೇಲೆ ತಿಳಿಯಿತು. ಓಟಿನಲ್ಲಿ ನಾನು ಸೋತೆ, ಸೌಟು ನವೀನನ ಕೈಗೆ ಹೋಯಿತು. ಕನ್ನಡ ಬಾರದ ಡೆಕ್ಲನ್ ಜೋರಾಗಿ ನಕ್ಕ. ಕಥೆ ಅವನಿಗೆ ಗೊತ್ತಿತ್ತಲ್ಲ. ನನಗೆ ನಗು ಬರಲಿಲ್ಲ. ಸೌಟಿಲ್ಲದ ನಾನು ಈ ಮನೆಯಲ್ಲಿ ಒಂದು ಮಂಚದ ಬಾಡಿಗೆದಾರ, ಅಷ್ಟೆ.

ಮುಂದಿನ ಶುಕ್ರವಾರ ಪ್ರಜಾಪ್ರಭುತ್ವ ಒಲೆಯೇರಿತು. ಮೀನು ಬಿದ್ದ ಮೇಲೆ ಸಾರಿಗೆ ಸೌಟು ಹಾಕಬಾರದು, ತುಂಡುಗಳು ಕದಡಿಹೋಗುತ್ತವೆ; ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಬೇಕು. ಇದು ಕರಾವಳಿಯ ಮಕ್ಕಳಿಗೂ ಗೊತ್ತು. ಆದರೆ ಗೆದ್ದ ಸೌಟನ್ನು ಆಡಿಸದೆ ಸುಮ್ಮನಿರುವುದು ಹೇಗೆ? ನವೀನ ಒಮ್ಮೆ ತಿರುವಿದ. ತಮಗೂ ಹಕ್ಕಿದೆಯೆಂದು ಬೆಂಬಲಿಗರು ಸರದಿಯಲ್ಲಿ ತಿರುವಿದರು. ಪದಚ್ಯುತ ದೊರೆಗಳು ಸಲಹೆ ಕೊಡುವುದು ಶಿಷ್ಟಾಚಾರವಲ್ಲವೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮುಚ್ಚಳ ತೆಗೆದಾಗ ಪಾತ್ರೆಯಲ್ಲಿ ತಲೆಯಿಲ್ಲ, ನಡುವಿಲ್ಲ, ಬಾಲವಿಲ್ಲ. ಐರ್ಲೆಂಡು ಶತಮಾನಗಳ ಕಾಲ ಬಡಿದಾಡಿದ ಸಮಾನತೆಯನ್ನು ನಾವು ಒಂದೇ ಕುದಿಯಲ್ಲಿ ಸಾಧಿಸಿದ್ದೆವು. ಪ್ರಭುಗಳಿಬ್ಬರೂ ತಮ್ಮ ಅರ್ಧ ತಲೆಯನ್ನು ಬಹಳ ಹೊತ್ತು ಹುಡುಕಿದರು, ಸಿಕ್ಕಿದ್ದು ಮುಳ್ಳು.

ಆಗ ನವೀನ ಸೌಟು ಹಿಡಿದು ನನ್ನ ತಟ್ಟೆಯ ಬಳಿ ಬಂದ. "ಮಾಮ, ಇನ್ನು ಸ್ವಲ್ಪ ಹಾಕ್ಲಾ?"

ನನ್ನ ಇಡೀ ಆಳ್ವಿಕೆಯಲ್ಲಿ ಯಾರೂ ಈ ಮಾತು ಕೇಳಿರಲಿಲ್ಲ. ಬಡಿಸುವವನು ಕೊನೆಗೆ ಉಣ್ಣುತ್ತಾನೆ, ತಣ್ಣಗಾದ ತಲೆಯ ಜೊತೆ, ಒಬ್ಬನೇ. ತಟ್ಟೆಯನ್ನು ಮುಂದೆ ಸರಿಸಿದೆ. ಆ ಮುಳ್ಳಿನ ಗಂಜಿಯನ್ನು ಇನ್ನೊಂದು ಸೌಟು ಹಾಕಿಸಿಕೊಂಡೆ.

"ಬರುವ ವಾರ ಸಾರು ನೀವೇ ಮಾಡಿ ಮಾಮ. ಬಡಿಸುವುದು ನಾವು," ಎಂದ.

"ತಲೆ ಯಾರಿಗೆ?"

"ಅದಕ್ಕೆ ಓಟು ಹಾಕುವ."

ಊಟವಾದ ಮೇಲೆ ಸೌಟನ್ನು ನಾನೇ ತೊಳೆದು, ಒರೆಸಿ, ಅಡುಗೆಮನೆಯ ಮೊಳೆಗೆ ಸಿಕ್ಕಿಸಿದೆ.