ಹಡಗು ಹತ್ತದ ತೆಂಗಿನಕಾಯಿ

ಕ್ರಿಸ್‌ಮಸ್‌ಗೆ ಮುಂಚೆ ಲಕ್ಷದ್ವೀಪ ಸುತ್ತಿಬರುವ ಹಡಗು ಹತ್ತಲು ಅವರ್ಸಾದ ಅತ್ತೆಯ ಜತೆ ಗೋವಾ ಬಂದರಿಗೆ ಬಂದೆ. ತಪಾಸಣೆಯ ಮೇಜಿನ ಮೇಲೆ ಅವಳ ಚೀಲದಿಂದ ತೆಂಗಿನಕಾಯಿ ಉರುಳಿತು. ಕಾವಲುಗಾರ ನಮ್ಮ ಕಡೆಯ ದೇವಬಾಗದವನು.

“ಇದನ್ನ ಒಳಗೆ ಬಿಡೂದಿಲ್ಲ ಅಕ್ಕಾ.”

“ಸಮುದ್ರಕ್ಕೆ ಕಾಯಿ ಕೊಡದೆ ನಮ್ಮನೇಲಿ ಯಾರೂ ದೋಣಿ ಹತ್ತಿದ್ದಿಲ್ಲ.” ಅತ್ತೆ ನನ್ನತ್ತ ತಿರುಗಿದಳು. “ತಮಾ, ನೀ ಹೋಗು, ನಾ ಬರೂದಿಲ್ಲ.”

ನಾನು ಅವನ ಮೂಗಿನ ದನಿಯಲ್ಲೇ “ಬಿಡೂದಿಲ್ಲ ಅಕ್ಕಾ” ಎಂದೆ. ಸಾಲಿನವರು ನಕ್ಕರು, ಅತ್ತೆ ನಗಲಿಲ್ಲ. ಅವನೂ ನಗಲಿಲ್ಲ.

“ನಿಮ್ಮ ಹೆಸರಲ್ಲಿ ನಾ ಕೊಡ್ತೆ. ಮೇಲೆ ನಿಂತು ನೋಡಿ.”

ಆ ಮಾತು ನಂಬಿ ಅತ್ತೆ ಹತ್ತಿದಳು. ಹಡಗು ಹೊರಡುವ ಮುಂಚೆ ಅವನು ಹಡಗು ಕಟ್ಟುವ ಧಕ್ಕೆಯ ಅಂಚಿಗೆ ಬಂದು ಬೂಟು ಕಳಚಿದ, ಕಾಯಿಯನ್ನು ನೀರಿಗೆ ಬಿಟ್ಟು ಕೈಮುಗಿದ.

“ಈಗ ಮಾಡು ಅವನ ಹಾಂಗೆ” ಎಂದಳು ಅತ್ತೆ.

ತೂತುಬಿದ್ದ ಕಾಲುಚೀಲ ಎಲ್ಲರಿಗೂ ಕಾಣುವಂತೆ ನಾನು ಬೂಟು ಕಳಚಿದೆ.