ಬಳಚಿನ ಬಾಯಿಗಿಟ್ಟ ಕಡ್ಡಿ

ಇಪ್ಪತ್ತು ವರ್ಷದಿಂದ ಕುಮಟಾದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಎಂಥವರಿಗೂ ಅರ್ಥ ಮಾಡಿಸಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬ ಅವ್ವಿಯ ಜೀವಕ್ಕೇ ಕುತ್ತು ತರುವುದರಲ್ಲಿತ್ತು.

ನನ್ನ ತಾಯಿ ಅವ್ವಿ ಇರುವುದು ಹೊಳೆದಂಡೆಯ ಅಘನಾಶಿನಿ ಊರಿನಲ್ಲಿ. ನೀರಿಳಿದಾಗ ಹೊಳೆಗಿಳಿದು, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿ ನನ್ನನ್ನು ಓದಿಸಿದವಳು. ಎರಡು ವರ್ಷದ ಹಿಂದೆ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ದಿನಕ್ಕೊಂದು ಮಾತ್ರೆ ಬಿಡದೆ ನುಂಗಿದರೆ ಹತೋಟಿಯಲ್ಲಿರುತ್ತದೆ ಎಂದರು ಡಾಕ್ಟರು. ಕಾಯಿಲೆಯ ಮೂಲ ಕೈನೇಸ್ ಜಾತಿಯ ಒಂದು ಪ್ರೊಟೀನು. ಜೀವಕೋಶಕ್ಕೆ ‘ಒಡೆದು ಎರಡಾಗು’ ಎಂದು ಸಂಕೇತ ಕೊಡುವುದು ಅದರ ಕೆಲಸ. ಅವಳ ರಕ್ತದಲ್ಲಿ ಅದು ಸುಮ್ಮನಿರುವುದನ್ನೇ ಮರೆತಿತ್ತು. “ಮಾತ್ರೆ ಅದಕ್ಕೆ ಬೀಗ ಹಾಕ್ತದೆ” ಎಂದು ತರಗತಿಯಲ್ಲಿ ಹೇಳುವ ಹಾಗೇ ಅವಳಿಗೂ ಹೇಳಿದೆ. ತಲೆಯಾಡಿಸಿದಳು.

ಕೆಲವು ತಿಂಗಳ ಮೇಲೆ ರಕ್ತಪರೀಕ್ಷೆಯಲ್ಲಿ, ಮೊದಲು ಇಳಿದಿದ್ದ ಬಿಳಿ ರಕ್ತಕಣಗಳು ಮತ್ತೆ ಏರಿದ್ದವು. ಊರಿಗೆ ಹೋಗಿ ನೋಡಿದರೆ ಕಳೆದ ಸಲ ತಂದ ಮಾತ್ರೆಗಳೆಲ್ಲ ಡಬ್ಬಿಯಲ್ಲಿ ಹಾಗೇ ಇವೆ. ಸಿಟ್ಟು ನೆತ್ತಿಗೇರಿತು.

“ಎಂತಕ್ಕೆ ಬಿಟ್ಟೆ ಅವ್ವಿ?”

“ನೀನೇ ಹೇಳಿದ್ಯಲ್ಲ ತಮಾ, ಬೀಗ ಹಾಕ್ತದೆ ಅಂತ. ಹಾಕಿ ಆತು, ಮೈಯೂ ಹಗುರಾತು. ಹಾಕಿದ ಬೀಗ ದಿನಾ ಎಂತಕ್ಕೆ ಹಾಕೂದು?”

ಅವಳ ಲೆಕ್ಕ ಸರಿಯಾಗಿಯೇ ಇತ್ತು, ಪಾಠವೇ ತಪ್ಪು. ಭಯವೂ ನಾಚಿಕೆಯೂ ಒಟ್ಟಿಗೇ ಆಯಿತು.

ಅವಳ ಮುಂದೆ ಪಾತ್ರೆಯಲ್ಲಿ, ಮರಳು ಬಿಡಲೆಂದು ನೀರಿಗೆ ಹಾಕಿದ ಬಳಚುಗಳು ಚೂರು ಚೂರೇ ಬಾಯಿ ತೆರೆದಿದ್ದವು. ಬೇರೆ ಏನೂ ತೋಚದೆ ಅವನ್ನೇ ತೋರಿಸಿದೆ.

“ಆ ಪ್ರೊಟೀನಿನ ಕೆಲಸ ಮಾಡೂ ಭಾಗ ಸುಮಾರು ಹೀಗೇ ಅದೆ. ಮೇಲೆ ಸಣ್ಣ ಹೋಳು, ಕೆಳಗೆ ದೊಡ್ಡದು, ಹಿಂದೆ ಕೀಲು. ನಡುವಿನ ಸಂದಿಗೆ ಶಕ್ತಿ ಕೊಡೂ ಒಂದು ಅಣು ಬಂದು ಕೂತು, ಬಾಯಿ ಮುಚ್ಚಿದ್ರೆ ಸಂಕೇತ ಹೋಗ್ತದೆ. ಮಾತ್ರೆ ಆ ಸಂದೀಲಿ ಮೊದಲೇ ಹೋಗಿ ಕೂತು ಬಾಯಿ ಮುಚ್ಚೂಕೆ ಬಿಡೂದಿಲ್ಲ.”

ಅವ್ವಿ ಕಸ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ಬಳಚಿನ ಬಾಯಿಗಿಟ್ಟಳು. ಅದು ಕಡ್ಡಿಯನ್ನು ಕಚ್ಚಿತು, ಪೂರ್ತಿ ಮುಚ್ಚಲಾಗಲಿಲ್ಲ. ಮೆಲ್ಲಗೆ ಕಡ್ಡಿ ಎಳೆದಳು. ಚಿಪ್ಪು ಗಟ್ಟಿಯಾಗಿ ಮುಚ್ಚಿಕೊಂಡಿತು.

“ಮಾತ್ರೆನೂ ಅಲ್ಲೇ ಉಳೂದಿಲ್ಲಾ?”

“ಇಲ್ಲ. ದಿನಾ ಸ್ವಲ್ಪ ಸ್ವಲ್ಪವಾಗಿ ಮೈಯಿಂದ ಹೋಗ್ತದೆ.”

“ಮೊದಲೇ ಹಿಂಗೆ ಹೇಳೂಕೆ ಎಂತ ಆಗಿತ್ತು ನಿಂಗೆ?” ಎಂದು ಗದರಿ ಊಟಕ್ಕೆ ಎದ್ದಳು. ಉಂಡವಳೇ ಮಾತ್ರೆ ನುಂಗಿದಳು.

ಮುಂದಿನ ಪರೀಕ್ಷೆಗಳಲ್ಲಿ ಬಿಳಿ ಕಣಗಳು ಇಳಿಯುತ್ತ ಬಂದವು. ಒಂದು ದಿನವೂ ತಪ್ಪಿಸಿಲ್ಲವಲ್ಲ, ಯಾರು ಇಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದು ಎಂದು ಡಾಕ್ಟರು ಕೇಳಿದರು. ಅವ್ವಿ ನನ್ನ ಕಡೆ ಕೈ ತೋರಿಸಿದಳು.

“ನಮ್ಮ ತಮ. ಕಾಲೇಜಲ್ಲಿ ಕಲಿಸ್ತ.”

ಬೀಗದ ಸುದ್ದಿಯನ್ನು ಅವಳು ಅಲ್ಲಿ ಎತ್ತಲೇ ಇಲ್ಲ. ನಾನು ತಲೆ ತಗ್ಗಿಸಿ ಅವಳ ರಿಪೋರ್ಟು ಮಡಚುತ್ತ ಕೂತೆ.